ಹೇಳಬಾರದ ಸೊಪ್ಪು

ನನ್ನ ಅತ್ತೆ ಅನ್ನದಾನಮ್ಮ ಚಿಗಟೇರಿಯಲ್ಲಿ ಕೀಲುವಾತಕ್ಕೆ ಮದ್ದು ಕೊಡುವವರು. ಭಾನುವಾರ ಖಾಲಿ ಹೊಟ್ಟೆಯಲ್ಲಿ ಬಂದವರಿಗೆಲ್ಲ ಒಂದು ಲೋಟ ಹಸಿರು ಕಷಾಯ. ಮೊಸರು, ಬದನೆಕಾಯಿ, ಹುಣಸೆಹುಳಿ ಬಿಡಬೇಕು. ನನಗೂ ಅದೇ ಕಷಾಯ, ಜೊತೆಗೆ ಬೈಗುಳ ಪುಕ್ಕಟೆ. ನನ್ನ ಬೆರಳ ಗೆಣ್ಣುಗಳು ಬಾತು, ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದೆ, ರೊಟ್ಟಿ ಬಡಿಯುವುದು ಕನಸಿನ ಮಾತಾಗಿತ್ತು. ಹರಪನಹಳ್ಳಿ ಡಾಕ್ಟರ ಗುಳಿಗೆಯನ್ನೂ ನುಂಗುತ್ತಿದ್ದೆ. ಎರಡು ದೋಣಿಯಲ್ಲಿ ಕಾಲಿಡಬಾರದು ಅನ್ನುವವರಿಗೆ ಒಂದು ದಿನ ನನ್ನ ಕೈ ಕೊಡಬೇಕು.

ಮದ್ದಿನಲ್ಲಿ ಏನಿದೆಯೆಂದು ಮಾತ್ರ ಯಾರೂ ಕೇಳುವಂತಿಲ್ಲ. ಅತ್ತೆಯ ಮಾವ ಸಾಯುವ ಮುನ್ನ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡು ಹೇಳಿಕೊಟ್ಟದ್ದು. ಸೊಪ್ಪಿನ ಹೆಸರು ಬಾಯಿಂದ ಹೊರಬಿದ್ದರೆ ಮದ್ದು ಮುರಿಯುತ್ತದೆ, ಆಮೇಲೆ ಕುಡಿದರೂ ಒಂದೇ ಬಿಟ್ಟರೂ ಒಂದೇ. ಹೊತ್ತು ಮೂಡುವ ಮೊದಲೇ ಒಬ್ಬರೇ ಹೋಗಿ ಸೊಪ್ಪು ತರುತ್ತಾರೆ. ಹೆತ್ತ ಮಗನಿಗೂ ಹೇಳಿಲ್ಲ.

ಈ ಮಳೆಗಾಲದಲ್ಲಿ ನನ್ನ ಕಣ್ಣು ಹಳದಿಯಾದವು. ಹರಪನಹಳ್ಳಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ವರದಿ ನೋಡಿದ ಡಾಕ್ಟರು ಜೊತೆಗೆ ಬಂದಿದ್ದ ಅತ್ತೆಯ ಕಡೆ ತಿರುಗಿದರು.

"ಲಿವರ್ ಬಾತೈತ್ರಿ. ಗುಳಿಗಿ ಯಾವುದಂತ ನನಗ ಗೊತ್ತು. ನೀವು ಕುಡಿಸೋದ್ರಾಗ ಏನೈತಿ?"

"ಅದನ್ನ ಹೇಳಬಾರದ್ರಿ."

"ಹೇಳದಿದ್ರ ನಾ ಹೆಂಗ ತಿಳಕೊಳ್ಳಲಿ? ನಿಮ್ಮ ಸೊಸಿ ಜೀವದ ಮಾತು ಐತ್ರಿ ಇದು."

ಅತ್ತೆ ಆಗದೆಂದು ತಲೆ ಅಲ್ಲಾಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. "ಅತ್ತಿ, ನಾ ಸತ್ತ ಮ್ಯಾಲೆ ಹೇಳ್ತೀರೇನ್ರಿ?" ಎಂದು ಅಷ್ಟು ಜನರ ಮುಂದೆ ಕೂಗಿಬಿಟ್ಟೆ.

ಅವರು ಸೆರಗಿನ ಮೇಲಿಂದಲೇ ಕೊರಳ ಲಿಂಗ ಹಿಡಿದುಕೊಂಡರು. ನನ್ನ ಕಣ್ಣನ್ನೇ ನೋಡಿದರು.

"ಲಕ್ಕಿ ಸೊಪ್ಪು, ಶುಂಠಿ, ಅಮೃತಬಳ್ಳಿ."

"ಇಷ್ಟೇನಾ?" ಎಂದರು ಡಾಕ್ಟರು. "ಅಮೃತಬಳ್ಳಿ ಕೆಲವರ ಲಿವರಿಗೆ ಆಗಂಗಿಲ್ಲ. ಗುಳಿಗಿನೂ ಅದಕ್ಕ ಭಾರ. ಸದ್ಯಕ್ಕ ಎರಡೂ ನಿಲ್ಲಿಸ್ರಿ."

ಆ 'ಇಷ್ಟೇನಾ' ಕೇಳಿ ಅತ್ತೆ ತಲೆ ತಗ್ಗಿಸಿದರು.

ಭಾನುವಾರ ಎಂದಿನಂತೆ ಜನ ಬಂದರು. ಎಲ್ಲರಿಗಿಂತ ಮುಂದೆ ನೀಲಗುಂದದ ಶಿವಬಸಮ್ಮ. ಮೊದಲ ಸಲ ಆಕೆಯನ್ನು ಮಗಳು ಎತ್ತಿಕೊಂಡು ಬಂದಿದ್ದಳು, ಈಗ ಕೋಲೂರಿ ತಾನೇ ನಡೆದು ಬರುತ್ತಾಳೆ. ಅತ್ತೆ ಹೊಸ್ತಿಲಲ್ಲೇ ನಿಂತರು.

"ಮದ್ದು ಮುರದೈತ್ರವ್ವಾ. ಹೋಗ್ರಿ."

"ಯಾರಿಗೆ ಹೇಳಿದ್ರಿ?" ಶಿವಬಸಮ್ಮನ ದನಿ ಅಳುವಂತಿತ್ತು. ಅತ್ತೆ ನನ್ನ ಹೆಸರೆತ್ತಲಿಲ್ಲ. "ನನ್ನ ಬಾಯಿ ಸೋತಿತು" ಎಂದಷ್ಟೇ ಹೇಳಿದರು. ಆಕೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದು ಎದ್ದುಹೋದಳು.

ನನ್ನ ಕಣ್ಣು ತಿಳಿಯಾದವು, ಬೆರಳು ಮತ್ತೆ ಬಾತವು. ಡಾಕ್ಟರು ಬೇರೆ ಗುಳಿಗೆ ಕೊಡುವವರಿದ್ದಾರೆ. ಒಂದು ಬೆಳಿಗ್ಗೆ ಅತ್ತೆ ನೀರಿನ ಚರಿಗೆಯನ್ನು ಎರಡು ಮಣಿಕಟ್ಟಿನ ನಡುವೆ ಒತ್ತಿ ಎತ್ತುತ್ತಿದ್ದರು. ಅವರದೂ ಇದೇ ವಾತ. ಪ್ರತಿ ಭಾನುವಾರ ಎಲ್ಲರಿಗೂ ಕೊಟ್ಟು ಉಳಿದದ್ದನ್ನು ತಾವು ಕುಡಿಯುತ್ತಿದ್ದರು.

"ಅತ್ತಿ, ಇಷ್ಟು ವರ್ಷ ಕುಡಿದ್ರೂ ನಿಮ್ಮ ಲಿವರಿಗೆ ಏನೂ ಆಗಿಲ್ಲ. ಗಿಡ ಎಲ್ಲೂ ಹೋಗಿಲ್ಲ. ನೀವಾದ್ರೂ ಕುಡೀರಿ, ಯಾರು ನೋಡ್ತಾರ?"

ಚರಿಗೆ ಕೆಳಗಿಟ್ಟು ಅವರು ನನ್ನ ಮುಖ ನೋಡಿದರು.

"ಶಿವಬಸಮ್ಮಗ ಇಲ್ಲ ಅಂದು ಕಳಿಸೀನಿ. ನಾ ಹೆಂಗ ಕುಡೀಲಿ?"