ಮರಳುವವರ ಕ್ಲಾಸು

ಕಸದ ಕೋಣೆಯ ಬಾಗಿಲಿಗೆ ಯಾರೋ ಚೀಟಿ ಅಂಟಿಸಿದ್ದರು. ಹಾಲಿನ ಡಬ್ಬಿಗಳನ್ನು ಪೇಪರಿನ ಪೆಟ್ಟಿಗೆಗೆ ಹಾಕುವವರು ದಯವಿಟ್ಟು ಸ್ವಲ್ಪ ಯೋಚಿಸಬೇಕು ಎಂದಷ್ಟೇ ಇತ್ತು, ಕೆಳಗೊಂದು ನಗುವ ಮುಖ. ಯಾರ ಹೆಸರೂ ಇರಲಿಲ್ಲ. ಆದರೂ ಆ ಮುಖ ತನ್ನನ್ನೇ ನೋಡಿ ನಗುತ್ತಿದೆ ಎಂದು ಫೆಹ್ಮಿದಾಗೆ ಖಾತ್ರಿಯಾಯಿತು.

"ರೀ, ಇದು ನಮ್ಗೇ ಬರ್ದಿರೋದು," ಎಂದಳು ಗಂಡನಿಗೆ.

ಅಖ್ತರ್ ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. ಯಾವುದಕ್ಕೂ ಬೇಗ ಬಿಸಿಯಾಗುವ ಮನುಷ್ಯನಲ್ಲ. "ಬಿಲ್ಡಿಂಗ್ ತುಂಬಾ ಮನೆಗಳಿದಾವೆ. ನಮ್ಗೇ ಅಂತ ಯಾಕಂದ್ಕೋತೀಯಾ?"

"ಬೇರೆಯವ್ರೆಲ್ಲಾ ಇಲ್ಲೇ ಹುಟ್ಟಿದೋರು. ಯಾವ ಕಸ ಎಲ್ಲಿಗೆ ಅಂತ ಅವ್ರಿಗೆ ಹುಟ್ಟುತ್ಲೇ ಗೊತ್ತಿರುತ್ತೆ."

ದಾವಣಗೆರೆ ಬಿಟ್ಟು ಸ್ವೀಡಿಷ್ ಊರಾದ ಟ್ರೋಲ್‌ಹೆಟ್ಟನ್‌ಗೆ ಬಂದು ಹತ್ತು ವರ್ಷ ದಾಟಿತ್ತು. ಫೆಹ್ಮಿದಾ ಇಲ್ಲಿಯ ಒಂದು ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತಿದ್ದಳು. ಮಕ್ಕಳ ಸ್ವೀಡಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ದೊಡ್ಡವರ ಉದ್ದುದ್ದ ಪದಗಳು ಎದುರಾದರೆ ಮಾತ್ರ ಮೊದಲರ್ಧ ಓದಿ ಉಳಿದರ್ಧ ಊಹಿಸಿಬಿಡುತ್ತಿದ್ದಳು. ಹೀಗಾಗಿ ಬಸ್ಸಿಗೆ ಓಡುವಾಗ ಲೈಬ್ರರಿಯ ಬೋರ್ಡಿನಲ್ಲಿ 'ಓತರ್' ಎಂದು ಶುರುವಾಗುವ ದೊಡ್ಡ ಪದವೊಂದು ಕಂಡದ್ದೇ ತಡ, 'ಓತರ್‌ವಿನ್ನಿಂಗ್' ಎಂದೇ ಓದಿಕೊಂಡಳು. ಅಂದರೆ ರೀಸೈಕ್ಲಿಂಗ್. ವಾರಕ್ಕೊಂದು ಸಂಜೆ, ಚರ್ಚಿನ ಸಭಾಮನೆಯಲ್ಲಿ, ಫೀಸಿಲ್ಲ, ಕಾಫಿ ಉಂಟು. ನಾಲ್ಕು ಜನ ಸೇರಿ, ಮೇಷ್ಟ್ರಿಲ್ಲದೆ, ಕಾಫಿ ಕುಡಿಯುತ್ತ ಏನನ್ನಾದರೂ ಕಲಿಯುವುದು ಈ ದೇಶದವರ ಹಳೆಯ ಅಭ್ಯಾಸ. ಕಸದ ಬಗ್ಗೆ ಕಲಿಯಬಾರದೆಂದೇನಿಲ್ಲವಲ್ಲ.

ಮೊದಲ ದಿನವೇ ಒಂದು ಚೀಲ ಹಿಡಿದು ಹೋದಳು. ಅದರಲ್ಲಿ ತನ್ನನ್ನು ವರ್ಷಗಳಿಂದ ಕಾಡಿದ ವಸ್ತುಗಳಿದ್ದವು: ಉಪ್ಪಿನಕಾಯಿ ಬಾಟಲಿಯ ಮುಚ್ಚಳ, ಒಳಗೆ ಹೊಳೆಯುವ ಕಾಗದದ ಪಾಕೆಟು, ಕುಕ್ಕರಿನ ಹಳೆ ಗ್ಯಾಸ್ಕೆಟ್ಟು. ಮೇಜಿನ ಸುತ್ತ ಬಿಳಿತಲೆಯ ನಾಲ್ಕೈದು ಜನ ಕೂತಿದ್ದರು. ನಿವೃತ್ತ ಪಾದ್ರಿ ಬಿರ್ಗಿತ್ತಾ ಎಂಬ ಹಿರಿಯಾಕೆ ಎಲ್ಲರಿಗೂ ಕಾಫಿ ಬಗ್ಗಿಸಿ, "ಹೊಸಬರಿಂದಲೇ ಶುರು ಮಾಡೋಣ. ನಿಮ್ಮನ್ನು ಇಲ್ಲಿಗೆ ಕರೆತಂದ ಪ್ರಶ್ನೆ ಯಾವುದು?" ಎಂದು ಕೇಳಿದರು.

ಫೆಹ್ಮಿದಾ ಗ್ಯಾಸ್ಕೆಟ್ಟನ್ನು ಮೇಜಿನ ಮಧ್ಯೆ ಇಟ್ಟಳು. "ಇದು ಕೊನೆಗೆ ಎಲ್ಲಿಗೆ ಹೋಗಿ ಸೇರಬೇಕು?"

ಬಿರ್ಗಿತ್ತಾ ಆ ರಬ್ಬರ್ ಬಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ಶುರುವೂ ಇಲ್ಲ, ಕೊನೆಯೂ ಇಲ್ಲ. ಎಂಥ ಉದಾಹರಣೆ ತಂದಿದ್ದೀರಿ!"

ಶುರುವಿಲ್ಲದೆ ಏನು, ದಾವಣಗೆರೆಯ ಮಂಡಿಪೇಟೆಯಲ್ಲಿ ಕೊಂಡದ್ದು ಎಂದು ಫೆಹ್ಮಿದಾ ಮನಸ್ಸಿನಲ್ಲೇ ಅಂದುಕೊಂಡಳು.

"ಬೇಳೆಯ ವಾಸನೆ ಬರುತ್ತಿದೆ," ಎಂದ ಎದುರಿಗಿದ್ದ ಮುದುಕ. ಅವನ ಹೆಸರು ಸಿಕ್ಸ್ಟೆನ್. ಹೆಂಡತಿ ತೀರಿಕೊಂಡ ಮೇಲೆ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದ; ಕಾಫಿಗಾಗಿ ಮಾತ್ರ ಬರುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಆಮೇಲೆ ಬಿರ್ಗಿತ್ತಾ ಅಥೆನ್ಸಿನ ಒಬ್ಬ ಗುರುವಿನ ಮಾತೆತ್ತಿದರು. ಒಂದೂವರೆ ಸಾವಿರ ವರ್ಷದ ಹಿಂದಿನವನು. ಇರುವುದೆಲ್ಲ ತನ್ನ ಮೂಲದಲ್ಲೇ ನೆಲೆಸಿರುತ್ತದೆ, ಅದರಿಂದ ಹೊರಡುತ್ತದೆ, ಮತ್ತೆ ಅದರ ಕಡೆಗೇ ತಿರುಗುತ್ತದೆ, ಮೂರೂ ಒಟ್ಟಿಗೇ ಎಂದು ಅವನು ಹೇಳುತ್ತಿದ್ದನಂತೆ. ಅವನ ನಂತರ ಸಿರಿಯಾ ಕಡೆಯ ಒಬ್ಬ ಕ್ರೈಸ್ತ ಸನ್ಯಾಸಿ, ಅವನ ನಿಜವಾದ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಆ ಮಾತನ್ನೇ ಹಿಡಿದು ದೇವರ ಪ್ರೀತಿಯ ಬಗ್ಗೆ ಬರೆದನಂತೆ. ಆ ಪ್ರೀತಿ ಬೆಳಕಿನ ಹಾಗೆ ಇಳಿದು ಬಂದು ಎಲ್ಲವನ್ನೂ ಸುತ್ತಿ ಬಳಸಿ ಮತ್ತೆ ಮೇಲಕ್ಕೆ ಕರೆದೊಯ್ಯುತ್ತದಂತೆ.

ಫೆಹ್ಮಿದಾ ಗೋಡೆಯ ಮೇಲಿದ್ದ ಕ್ಲಾಸಿನ ಪೋಸ್ಟರನ್ನು ಆಗ ನಿಧಾನವಾಗಿ, ಕೊನೆಯ ಅಕ್ಷರದವರೆಗೆ ಓದಿದಳು. ಓತರ್‌ವೆಂದಾಂದೆ. ಮರಳುವುದು.

ಕಿವಿ ಬಿಸಿಯಾಯಿತು. ಎದ್ದು ಹೋಗೋಣವೆಂದರೆ ತಟ್ಟೆಯಲ್ಲಿ ಅರ್ಧ ತಿಂದ ಬನ್ನು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: ಚೀಟಿ, ನಗುವ ಮುಖ, ಹಾಲಿನ ಡಬ್ಬಿ. ಬಿರ್ಗಿತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಿಕ್ಸ್ಟೆನ್ ಮಾತ್ರ ನಗದೆ, "ಈಕೆಯನ್ನು ಬಿಡಬೇಡಿ. ಇಷ್ಟು ದಿನ ಇಲ್ಲಿ ಯಾರೂ ಉಪಯೋಗಕ್ಕೆ ಬರುವ ಪ್ರಶ್ನೆ ಕೇಳಿರಲಿಲ್ಲ," ಎಂದ.

ಹಾಗೆ ಅವಳು ಉಳಿದುಕೊಂಡಳು. ಅಥೆನ್ಸಿನ ಗುರುವಿನ ವಿಚಾರಗಳು ಬಾಗ್ದಾದಿನಲ್ಲಿ ಅರಬ್ಬಿಗೆ ಇಳಿದು, ಅಲ್ಲಿಂದಲೇ ಒಂದು ದಾರಿಯಾಗಿ ಯೂರೋಪಿಗೆ ಬಂದವು ಎಂದು ಎರಡನೆಯ ವಾರ ತಿಳಿದಾಗ, ನಮ್ಮ ಕಡೆಯವರೂ ಇದ್ದಾರಲ್ಲ ಎಂಬ ಹೆಮ್ಮೆ ಬೇರೆ. ಮರಳುವ ಮಾತು ಅವಳಿಗೆ ಹೊಸದೇನೂ ಆಗಿರಲಿಲ್ಲ. ದೇವರಿಗೆ ಸೇರಿದವರು, ದೇವರ ಕಡೆಗೇ ಹೋಗುವವರು ಎಂಬ ಅರ್ಥದ ಅರಬ್ಬಿ ಮಾತನ್ನು ಸಾವಿನ ಸುದ್ದಿ ಕೇಳಿದಾಗ ಹೇಳುತ್ತಲೇ ಬೆಳೆದವಳು. ಅವಳ ಅಪ್ಪನ ತಾಯಿ ದಾದಿಯಂತೂ ಬೀಗದ ಕೈ ಕಳೆದರೂ ಅದನ್ನೇ ಹೇಳುತ್ತಿದ್ದಳು, ಹಾಲು ಉಕ್ಕಿದರೂ ಅದನ್ನೇ. ಇದನ್ನು ಕೇಳಿ ಮೇಜಿನ ಸುತ್ತ ಎಲ್ಲರಿಗೂ ಖುಷಿಯೋ ಖುಷಿ.

ಸಿಕ್ಸ್ಟೆನ್‌ಗೆ ಖುಷಿಯಾಗಲಿಲ್ಲ. "ನನಗೊಂದು ಅರ್ಥವಾಗುವುದಿಲ್ಲ. ಕೊನೆಗೆ ಮರಳಲೇಬೇಕೆಂದಿದ್ದರೆ ಮೊದಲು ಹೊರಟದ್ದಾದರೂ ಯಾಕೆ? ಮನೆಯಲ್ಲೇ ಕೂತಿರಬಹುದಿತ್ತು."

ಬಿರ್ಗಿತ್ತಾ ಕನ್ನಡಕ ಒರೆಸಿಕೊಂಡು, "ಮುಂದಿನ ವಾರ ಫೆಹ್ಮಿದಾ ಸರದಿ. ಉತ್ತರ ಅವಳೇ ಹೇಳಲಿ," ಎಂದುಬಿಟ್ಟರು.

ಆ ವಾರವೆಲ್ಲ ಮನೆಯಲ್ಲಿ ಇದೇ ರಗಳೆ.

"ಎಂಜಿನ್ನಿಂದ ಗಾಳಿ ಹೊರಗೆ ಹೋಗ್ಲಿಲ್ಲ ಅಂದ್ರೆ ಪ್ಲೇನ್ ಮುಂದಕ್ಕೆ ಹೋಗಲ್ಲ," ಎಂದ ಅಖ್ತರ್.

"ಹೊರಗೆ ಹೋದ ಗಾಳಿ ವಾಪಸ್ ಬರುತ್ತೇನ್ರೀ?"

"ಬರಬಾರ್ದು! ಬಂದ್ರೆ ನನ್ ಕೆಲಸ ಹೋಗುತ್ತೆ."

ಹದಿನೈದರ ಮಗಳು ರೂಹಿ ಫೋನಿನಿಂದ ತಲೆಯೆತ್ತಲಿಲ್ಲ. "ಅಮ್ಮೀ, ಇಟ್ಸ್ ಸಿಂಪಲ್. ಮನೇಲೇ ಕೂತ್ರೆ ಬೋರ್ ಆಗುತ್ತೆ." ಹೇಳಿ ಸ್ವೀಡಿಷ್‌ನಲ್ಲಿ ಏನೋ ಗೊಣಗಿ ಕೋಣೆಗೆ ಹೋದಳು.

ಆದರೆ ಫೆಹ್ಮಿದಾಳ ನಿದ್ದೆ ಕೆಡಿಸಿದ್ದು ಸಿಕ್ಸ್ಟೆನ್‌ನ ಪ್ರಶ್ನೆಯೊಂದೇ ಅಲ್ಲ. ಹೋದ ಚಳಿಗಾಲ ದಾವಣಗೆರೆಯಲ್ಲಿ ಅವಳ ಅಮ್ಮೀ ತೀರಿಕೊಂಡಿದ್ದರು. ಟಿಕೆಟ್ಟು ಸಿಗುವಷ್ಟರಲ್ಲಿ ದಫನ್ ಮುಗಿದಿತ್ತು. ಫೋನ್ ಮಾಡಿದವರೆಲ್ಲ ಅದೇ ಅರಬ್ಬಿ ಮಾತು ಹೇಳಿದರು, ಇವಳೂ ಹೇಳಿದಳು, ಹೇಳಿದಷ್ಟೂ ಸಿಟ್ಟು ಬಂತು. ಮರಳಿ ಹೋದರಂತೆ, ಯಾರನ್ನು ಕೇಳಿ? ಕೊನೆಯ ದಿನ ಹೇಗಿದ್ದರೆಂದು ಹೇಳಲು ತಮ್ಮ ಮಾಜಿದ್ ಎಷ್ಟೋ ಸಲ ಫೋನ್ ಮಾಡಿದ್ದ. ಇವಳು ಎತ್ತುತ್ತಿರಲಿಲ್ಲ. ಹಬ್ಬಕ್ಕೆ ಒಂದು, ಮಳೆಗೆ ಒಂದು ಎಂದು ಮೆಸೇಜು ಕಳಿಸಿ ಸುಮ್ಮನಾಗುತ್ತಿದ್ದಳು.

ಅವಳ ಸರದಿಯ ದಿನ ಸಭಾಮನೆಗೆ ಅವಲಕ್ಕಿ ಚೂಡಾ ಮಾಡಿಕೊಂಡು ಹೋದಳು. ಉತ್ತರ ಸಿಗದಿದ್ದರೂ ತಿನ್ನಲಾದರೂ ಏನಾದರೂ ಇರಲಿ ಎಂದು.

"ನನಗೆ ಗೊತ್ತಿರುವುದು ದಾಗಿಸ್ ಮಾತ್ರ," ಎಂದು ಶುರು ಮಾಡಿದಳು. "ಬೆಳಿಗ್ಗೆ ತಾಯಿ ಮಗುವನ್ನು ಬಿಟ್ಟು ಹೋಗುತ್ತಾಳೆ. ಮಗು ದಿನವೆಲ್ಲ ಆಡುತ್ತದೆ, ಮರಳಲ್ಲಿ ಹೊರಳುತ್ತದೆ, ಯಾರನ್ನೋ ಕಚ್ಚುತ್ತದೆ. ತಾಯಿಯನ್ನು ಮರೆತೇಬಿಟ್ಟಿದೆ ಅನ್ನಿಸುತ್ತದೆ. ಸಂಜೆ ಗೇಟಿನ ಹತ್ತಿರ ತಾಯಿಯ ಟೋಪಿ ಕಂಡರೆ ಸಾಕು, ಇದ್ದದ್ದೆಲ್ಲ ಬಿಸಾಕಿ ಓಡುತ್ತದೆ. ಮೊದಲೆಲ್ಲ ನನಗೆ ಆಶ್ಚರ್ಯವಾಗುತ್ತಿತ್ತು. ಈಗ ಅನ್ನಿಸುತ್ತದೆ, ತಾಯಿ ಇದ್ದಾಳೆ ಅಂತ ಒಳಗೆಲ್ಲೋ ಗೊತ್ತಿದ್ದುದಕ್ಕೇ ಅದು ದಿನವೆಲ್ಲ ಹಾಗೆ ಆಡಿತು. ತಾಯಿಯನ್ನು ಅದು ಬಿಟ್ಟು ಬಂದಿರಲೇ ಇಲ್ಲ."

"ಸರಿ. ಆದರೆ ಹೊರಟದ್ದು ಯಾಕೆ?" ಸಿಕ್ಸ್ಟೆನ್ ಬಿಡುವ ಆಸಾಮಿಯಲ್ಲ.

"ಮಗು ಬರಿಗೈಯಲ್ಲಿ ಓಡುವುದಿಲ್ಲ, ಸಿಕ್ಸ್ಟೆನ್. ಜೇಬಿನ ತುಂಬ ಕಲ್ಲುಗಳಿರುತ್ತವೆ. ಚಳಿಗಾಲದ ಪ್ಯಾಂಟಿನಲ್ಲಂತೂ ಕಿಲೋಗಟ್ಟಲೆ. ತಾಯಿಗೆ ಕೊಡಲು ಅಂತ ಆರಿಸಿದ್ದು. ಮನೆಯಲ್ಲೇ ಕೂತಿದ್ದರೆ ಕಲ್ಲು ಎಲ್ಲಿಂದ ಬರಬೇಕು?"

"ಆ ಕಲ್ಲು ಕಟ್ಟಿಕೊಂಡು ತಾಯಿ ಏನು ಮಾಡುತ್ತಾಳೆ?"

"ಆ ಪ್ರಶ್ನೆ ನನ್ನ ವಾಷಿಂಗ್ ಮಷಿನ್ನನ್ನು ಕೇಳಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ಫೆಹ್ಮಿದಾಳೂ ನಕ್ಕಳು. ನಗುತ್ತಿದ್ದ ಹಾಗೇ ಅವಳಿಗೆ ಗೇಟಿನ ಕಡೆ ಓಡುವ ಒಂದು ಮಗು ಕಣ್ಣಿಗೆ ಕಟ್ಟಿತು, ಆ ಮಗುವಿಗೆ ಅವಳ ಅಮ್ಮೀಯ ಮುಖವಿತ್ತು. ಇಷ್ಟು ದಿನ ಅಮ್ಮೀಯನ್ನು ಅವಳು ತನ್ನನ್ನು ಬಿಟ್ಟುಹೋದವರೆಂದೇ ಎಣಿಸಿದ್ದಳು. ಅವರೂ ಎಲ್ಲಿಂದಲೋ ಬಂದವರು, ಅವರಿಗೂ ಒಂದು ಸಂಜೆಯಿತ್ತು, ಅವರೂ ಓಡಿರಬಹುದು, ಜೇಬು ತುಂಬಿಸಿಕೊಂಡು, ಎಂದು ಹೊಳೆದಿರಲೇ ಇಲ್ಲ.

"ನನ್ನ ತಾಯಿ ಹೋದ ವರ್ಷ ತೀರಿಕೊಂಡರು," ಎಂದಳು. "ನನಗೆ ಹೋಗಲಾಗಲಿಲ್ಲ."

ಬಿರ್ಗಿತ್ತಾ ಅವಳ ಕೈ ಮೇಲೆ ಕೈಯಿಟ್ಟರು, ಅಷ್ಟೇ. ಸಿಕ್ಸ್ಟೆನ್ ಫ್ಲಾಸ್ಕನ್ನು ಅವಳ ಕಡೆ ತಳ್ಳಿ, ಚೂಡಾದ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು ಮುಗಿಸಿದ ಮೇಲೆ, "ನನ್ನ ಇಂಗಾಗೆ ಜೇಬು ಸಾಕಾಗುತ್ತಿರಲಿಲ್ಲ. ಒಂದು ಸೂಟ್‌ಕೇಸಾದರೂ ಬೇಕಿತ್ತು," ಎಂದ. ಅವನು ಹೆಂಡತಿಯ ಹೆಸರು ಹೇಳಿದ್ದನ್ನು ಅಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಜುಲೈನಲ್ಲಿ ಕ್ಲಾಸಿನ ಕೊನೆಯ ಭೇಟಿಯನ್ನು ಜಲಪಾತದ ಬಳಿ ಇಟ್ಟುಕೊಂಡರು. ಟ್ರೋಲ್‌ಹೆಟ್ಟನ್‌ನ ನದಿಯ ನೀರೆಲ್ಲ ಮಾಮೂಲು ದಿನಗಳಲ್ಲಿ ಕರೆಂಟು ಮಾಡುವವರ ಪಾಲು. ಬೇಸಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಗೇಟು ತೆಗೆದು ಅದನ್ನು ಹಳೆಯ ಪಾತ್ರದಲ್ಲಿ ಹರಿಯಬಿಡುತ್ತಾರೆ. ಸೇತುವೆಯ ಮೇಲೆ ಜನವೋ ಜನ. ಅಖ್ತರ್ ರಜೆ ಹಾಕಿ ಬಂದಿದ್ದ, ರೂಹಿಯನ್ನು ಐಸ್‌ಕ್ರೀಮಿನ ಆಸೆ ತೋರಿಸಿ ಕರೆತಂದಿದ್ದರು.

ಬೋಳು ಬಂಡೆಗಳ ಮೇಲೆ ಮೊದಲು ಒಂದು ನಾಲಗೆ ನೀರು ಇಳಿಯಿತು. ನೋಡನೋಡುತ್ತಿದ್ದಂತೆ ಕಣಿವೆಯೇ ಬೆಳ್ಳಗಾಗಿ ಸೇತುವೆ ಅದುರಿತು.

"ನೋಡಿ, ನದಿ ತನ್ನ ಜಾಗಕ್ಕೆ ಮರಳಿತು!" ಬಿರ್ಗಿತ್ತಾ ಕೂಗಿದರು.

"ಮರಳುವುದೆಲ್ಲಿ ಬಂತು? ತಾನು ಹುಟ್ಟಿದ ಸರೋವರ ಬಿಟ್ಟು ಹೊರಟಿದೆ ಅದು," ಸಿಕ್ಸ್ಟೆನ್ ತಿರುಗಿ ಕೂಗಿದ. ಅಖ್ತರ್ ನಡುವೆ ಬಾಯಿ ಹಾಕಿ ನೀರಿನ ಒತ್ತಡದ ಲೆಕ್ಕ ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ.

ಫೆಹ್ಮಿದಾ ಯಾರ ಪಕ್ಷವನ್ನೂ ವಹಿಸಲಿಲ್ಲ. ಸ್ವಲ್ಪ ದೂರ ಸರಿದು ನಿಂತು ಮಾಜಿದ್‌ಗೆ ವೀಡಿಯೋ ಕಾಲ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದ.

"ಆಪಾ! ನೀನೇ ಮಾಡಿದ್ಯಾ? ಎಲ್ರೂ ಚೆನ್ನಾಗಿದೀರಾ? ಅದೇನದು ಸೌಂಡು, ಫ್ಯಾನಾ?"

"ಫ್ಯಾನಲ್ಲ ಕಣೋ, ನೀರು. ತಡಿ, ತೋರಿಸ್ತೀನಿ." ಫೋನನ್ನು ಕಣಿವೆಯ ಕಡೆ ಹಿಡಿದಳು. ಆಮೇಲೆ ತನ್ನ ಕಡೆ ತಿರುಗಿಸಿಕೊಂಡು, ಗದ್ದಲದ ಮೇಲೆ ಕೇಳಿಸುವಂತೆ ಗಟ್ಟಿಯಾಗಿ ಕೇಳಿದಳು, "ಮಾಜಿದ್, ಆ ದಿನ ಅಮ್ಮೀ ಬೆಳಿಗ್ಗೆ ಎದ್ದು ಏನ್ ಮಾಡಿದ್ರೋ? ಎಲ್ಲಾ ಹೇಳು. ಏನೂ ಬಿಡ್ಬೇಡ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಬಂತು.

"ಎದ್ದೋರೇ ಮೊದ್ಲು ನಂಗೆ ಬೈದ್ರು, ಆಪಾ," ಎಂದು ಶುರು ಮಾಡಿದ.