ಗಾಜಿನೊಳಗಿನ ತುಟಿ

ಐವತ್ತಾರು, ಎನ್ನುವಾಗ ಔಷಧಿ ಬೀರುವಿನ ಗಾಜಿನಲ್ಲಿ ಇವಳಿಗೆ ತನ್ನ ತುಟಿಯೇ ಕಂಡಿತು, ಬಣ್ಣ ಕಾಣದ ಒಣ ತುಟಿ, ಅಂಚಿನಲ್ಲಿ ಹೊಸ ಗೆರೆ ಬೇರೆ, ಇದು ಯಾವಾಗ ಬಂತಪ್ಪ — ಐವತ್ತಾರು, ಎಂದಳು ಬೆನ್ನು ಮಾಡಿ ನಿಂತ ಪೈಲಟ್ ಹುಡುಗಿ, ಕ್ಷಣವೂ ತಡವಿಲ್ಲದೆ. ಹುಡುಗಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಒಂದೊಂದು ಅಂಕಿ ಹೇಳಬೇಕು, ಅವಳು ತಿರುಗಿ ನೋಡದೆ ಅದನ್ನೇ ಹೇಳಬೇಕು, ಕಿವಿಗೆ ಈ ಸಲ ಇಷ್ಟೇ ಪರೀಕ್ಷೆ, ಕಿವಿ ಅಳೆಯುವ ಯಂತ್ರದ ಸರದಿ ಬರುವ ವರ್ಷ. ಇಪ್ಪತ್ತು ವರ್ಷ ಕೆಮ್ಮು ಜ್ವರ ನೋಡಿ, ಈ ವಯಸ್ಸಲ್ಲಿ ವಿಮಾನದವರ ಡಾಕ್ಟರಾಗುತ್ತೇನೆಂದು ಮತ್ತೆ ಬೆಂಚಿನ ಮೇಲೆ ಕೂತು ಕಲಿತದ್ದಾಯಿತು, ಮನೆಯವರು ನಕ್ಕದ್ದೂ ಆಯಿತು, ಇನ್ನು ತರಬೇತಿಯ ಕೊನೆಯ ವಾರ. ಕಲಿಸುವ ಹಿರಿಯ ಡಾಕ್ಟರು ಮೂಲೆಯ ಕುರ್ಚಿಯಲ್ಲಿ ಕಣ್ಣು ಅರೆಮುಚ್ಚಿ ಕೂತಿದ್ದಾರೆ, ಬೆನ್ನ ಹಿಂದೆ ಎಲ್ಲರೂ ಅವರನ್ನು ತಕ್ಕಡಿ ಅನ್ನುತ್ತಾರೆ, ಯಾರು ಎದುರಿಗೆ ಬಂದರೂ ತೂಗಿಯೇ ನೋಡುತ್ತಾರೆಂದು. ಮೊದಲ ದಿನವೇ ಹೇಳಿದ್ದರು, ಬೇರೆ ರೋಗಿಗಳು ಕಾಯಿಲೆ ತೋರಿಸೋಕೆ ಬರ್ತಾರಮ್ಮ, ಇವರು ಬಚ್ಚಿಡೋಕೆ ಬರ್ತಾರೆ. ಎಪ್ಪತ್ತೆರಡು, ಎಂದಳು ಇವಳು. ಎಪ್ಪತ್ತೆರಡು, ಎಂದಳು ಹುಡುಗಿ. ಬೆಳಿಗ್ಗೆ ರಕ್ತದೊತ್ತಡ ನೋಡುವಾಗ ಎಷ್ಟು ಮಾತಾಡಿತ್ತು ಈ ಮಗು, ಮೇಲೆ ಹೋದ್ರೆ ಎಷ್ಟು ನಿಶ್ಶಬ್ದ ಗೊತ್ತಾ ಡಾಕ್ಟ್ರೇ, ಅದಕ್ಕೇ ನಂಗೆ ಇಳಿಯೋಕೇ ಮನಸ್ಸಾಗಲ್ಲ, ಇದು ಬಿಟ್ರೆ ನಂಗೆ ಬೇರೇನೂ ಬರಲ್ಲ, ಚಹಾ ಮಾಡೋಕೂ ಬರಲ್ಲ, ಬೇಕಾದ್ರೆ ಅಮ್ಮನ್ನ ಕೇಳಿ — ಇವಳು ನಕ್ಕಿದ್ದಳು, ಅಷ್ಟು ದೊಡ್ಡ ಎಂಜಿನ್ ಮುಂದೆ ಕೂತವಳಿಗೆ ಅದೆಂಥ ನಿಶ್ಶಬ್ದವೋ ಎಂದು ಕೇಳಲು ಹೋಗಿ ಮರೆತಿದ್ದಳು.

ಆಗ ನರ್ಸ್ ಬಂದು ಹತ್ತಿ ತೆಗೆದುಕೊಳ್ಳಲು ಬೀರುವಿನ ಬಾಗಿಲು ತೆರೆದಳು, ಗಾಜು ಗೋಡೆಯ ಕಡೆ ತಿರುಗಿತು, ಮೂವತ್ತೊಂದು ಎಂದಳು ಇವಳು, ಹುಡುಗಿ ಸುಮ್ಮನಿದ್ದಳು. ಹೆಗಲು ಮಾತ್ರ ಬಿಗಿಯಾಯಿತು, ಕುತ್ತಿಗೆ ಬಾಗಿಲಿನ ಜೊತೆಗೇ ಅಷ್ಟು ತಿರುಗಿತು, ಹೂವು ಬಿಸಿಲಿಗೆ ತಿರುಗಿದ ಹಾಗೆ. ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ಬಾಗಿಲು ಸದ್ದಾಯ್ತು. ಬಾಗಿಲು ಸದ್ದೇ ಮಾಡಿರಲಿಲ್ಲ. ನರ್ಸ್ ಬಾಗಿಲು ಹಾಕಿ ಹೋದಳು, ಮೂವತ್ತೊಂದು ಎಂದಳು ಇವಳು ಮತ್ತೆ, ಗಾಜಿನಲ್ಲಿ ತನ್ನ ತುಟಿ, ಅದರ ಮೇಲೆ ನೆಟ್ಟ ಎರಡು ಕಣ್ಣು, ಮೂವತ್ತೊಂದು ಎಂದಳು ಹುಡುಗಿ, ಗೆದ್ದವಳ ದನಿಯಲ್ಲಿ — ಆ ಕಣ್ಣನ್ನು ತಾನು ಬಲ್ಲೆ, ಅದರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವಳು, ಅಕ್ಕನ ಕಣ್ಣು, ಹಣೆಯನ್ನಲ್ಲ, ಕಣ್ಣನ್ನಲ್ಲ, ಸದಾ ಬಾಯನ್ನೇ ನೋಡುತ್ತಿದ್ದ ಕಣ್ಣು. ಕಿವಿ ಮಂದವಾಗುತ್ತಿದೆಯೆಂದು ಮೊದಮೊದಲು ಅಕ್ಕನಿಗೇ ಗೊತ್ತಿರಲಿಲ್ಲ, ಈಚೆಗೆ ಜನ ಎಲ್ಲ ಯಾಕೆ ಗೊಣಗ್ತಾರೆ ಅನ್ನುತ್ತಿದ್ದಳು. ಹೇಗೆ ಗೊತ್ತಾಗಬೇಕು, ಈ ತರಬೇತಿಯಲ್ಲಿ ತನ್ನನ್ನೇ ಗಾಳಿ ಕಡಿಮೆ ಮಾಡುವ ಕೋಣೆಯಲ್ಲಿ ಕೂರಿಸಿ ಆಮ್ಲಜನಕದ ಮುಖವಾಡ ತೆಗೆಸಿ ಹೆಸರು ಬರಿ ಎಂದಾಗ ಎಷ್ಟು ಚೆನ್ನಾಗಿ ಬರೆಯುತ್ತಿದ್ದೇನೆಂದು ಬೀಗಿದ್ದಳಲ್ಲ, ಹೊರಗೆ ಬಂದು ನೋಡಿದರೆ ಕಾಗೆ ಕಾಲು, ಕೊರತೆ ಇರುವವರಿಗೆ ಕೊರತೆ ಕಾಣುವುದಿಲ್ಲ. ಆಮೇಲೆ ಕರೆಂಟು ಹೋದಾಗಲೆಲ್ಲ ಕತ್ತಲಲ್ಲಿ ಅಕ್ಕನ ದನಿ, ದೀಪ ಹಾಕೇ, ನೀ ಹೇಳಿದ್ದು ಕೇಳಿಸ್ತಿಲ್ಲ. ಮನೆಯಲ್ಲಿ ಇದೊಂದು ನಗೆಚಾಟಿಕೆ, ಅಕ್ಕನೂ ನಗುತ್ತಿದ್ದಳು. ಅಕ್ಕ ಪಾಠ ಹೇಳುತ್ತಿದ್ದ ಶಾಲೆಯ ಮಕ್ಕಳಿಗೆ ಹೇಗೋ ತಿಳಿಯಿತು. ಒಂದು ದಿನ ಇಡೀ ತರಗತಿ ಪುಸ್ತಕ ಎತ್ತಿ ಬಾಯಿಗೆ ಅಡ್ಡ ಹಿಡಿದು ಪಾಠ ಒಪ್ಪಿಸಿತಂತೆ, ಸಾಲುಸಾಲು ಪುಸ್ತಕ, ಮೇಲೆ ಬರೀ ಕಣ್ಣು, ಅಕ್ಕ ಒಂದು ಪುಸ್ತಕದಿಂದ ಇನ್ನೊಂದಕ್ಕೆ ನೋಡುತ್ತಾ ನಿಂತೇ ಇದ್ದಳಂತೆ. ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ. ಅಷ್ಟೇ. ಸಾಯುವವರೆಗೂ ಕಿಟಕಿ ಪಕ್ಕದ ಕುರ್ಚಿ, ಏನಾದರೂ ಮಾಡೇ ಅಕ್ಕ ಅಂದರೆ, ನಂಗೆ ಪಾಠ ಹೇಳೋದು ಬಿಟ್ರೆ ಏನು ಬರುತ್ತೆ.

ಸಾಕಮ್ಮ, ಒಂದು ತಪ್ಪು ಯಾರಿಗಾದ್ರೂ ಆಗುತ್ತೆ, ಮುಂದಿನವರನ್ನ ಕರೀರಿ, ಎಂದರು ತಕ್ಕಡಿ ಗಡಿಯಾರ ನೋಡುತ್ತಾ. ಅವರು ಕೂತ ಮೂಲೆಗೆ ಗಾಜು ಕಾಣುವುದಿಲ್ಲ. ಯಾರಿಗೂ ಕಾಣುವುದಿಲ್ಲ, ಹುಡುಗಿಯನ್ನು ಬಿಟ್ಟರೆ ತನಗೊಬ್ಬಳಿಗೆ, ಕರೆಯಬಹುದು ಮುಂದಿನವರನ್ನು, ಹುಡುಗಿ ಈಗಾಗಲೇ ಅರ್ಧ ನಗುತ್ತಿದ್ದಾಳೆ, ಮಧ್ಯಾಹ್ನಕ್ಕೆ ಅಮ್ಮನಿಗೆ ಫೋನು ಮಾಡುತ್ತಾಳೆ, ಇಲ್ಲ, ಸಂದೇಶ ಕಳಿಸುತ್ತಾಳೇನೋ. ಮೇಲೆ ಕೂತಾಗ ಕಿವಿಯಲ್ಲಿ ಕೆಳಗಿನವರ ದನಿ ಮಾತ್ರ, ಇಳಿ, ಇಳಿಯಬೇಡ, ಬಲಕ್ಕೆ ತಿರುಗು, ಎದುರಿಂದ ಇನ್ನೊಂದು ಬರ್ತಿದೆ — ಆ ದನಿಗೆ ಮುಖವಿಲ್ಲ, ತುಟಿಯಿಲ್ಲ, ಹಿಂದೆ ಕೂತ ಅಷ್ಟು ಜನ ಕಣ್ಣುಮುಚ್ಚಿ ನಿದ್ದೆ ಮಾಡುತ್ತಿರುತ್ತಾರೆ. ಒಂದೇ ಒಂದು ಸಾರ್, ಎಂದಳು ಇವಳು. ಮೇಜಿನ ಮೇಲೆ ಬಣ್ಣದ ಪರೀಕ್ಷೆಯ ಪುಸ್ತಕ ಇತ್ತು. ಯಾಕೆ ಎತ್ತಿಕೊಂಡಳೆಂದು ಯಾರಿಗೂ ಹೇಳಲಿಲ್ಲ, ಹೇಳುವುದೂ ಇಲ್ಲ, ತಕ್ಕಡಿಗೂ, ಮನೆಯಲ್ಲೂ, ಎತ್ತಿದಳು, ಎದೆಯವರೆಗೆ, ಗಲ್ಲದವರೆಗೆ, ಅಂಕಿ ನಾಲಿಗೆಯ ತುದಿಗೆ ಬಂದು ನಿಂತಿದೆ, ಗಾಜಿನಲ್ಲಿ ಒಂದು ಪುಸ್ತಕ, ಅದರ ಮೇಲೆ ತನ್ನ ಎರಡು ಕಣ್ಣು, ಅದರ ಪಕ್ಕದಲ್ಲಿ ಇನ್ನೆರಡು ಕಣ್ಣು, ಹುಡುಕುತ್ತಾ, ಪುಸ್ತಕದ ಈ ಅಂಚಿನಿಂದ ಆ ಅಂಚಿಗೆ ಹುಡುಕುತ್ತಾ — ದೀಪ ಹಾಕೇ.