ಹಾಡು ಕೇಳುವ ಕಬ್ಬು

ಹಾರೂಗೇರಿಯ ಲಗಮಣ್ಣ ಹೋದ ವರ್ಷ ಕಬ್ಬಿನ ಹೊಲದಲ್ಲಿ ಹಗಲೂ ರಾತ್ರಿ ರೇಡಿಯೋ ಹಚ್ಚಿಟ್ಟಿದ್ದ. ಮನುಷ್ಯರ ದನಿ ಕೇಳಿ ಕಾಡುಹಂದಿಗಳು ದೂರ ಇರಲಿ ಎಂಬುದಷ್ಟೇ ಕಾರಣ. ಆ ವರ್ಷ ಕಬ್ಬು ಎರಡಾಳೆತ್ತರ ಬೆಳೆಯಿತು. "ಯಾವ ಗೊಬ್ರಾ ಹಾಕಿದ್ಯೋ ಲಗಮಣ್ಣಾ?" ಎಂದು ಚಹಾದಂಗಡಿಯಲ್ಲಿ ಯಾರೋ ಕೇಳಿದರು.

"ಗೊಬ್ರಾ ಎಲ್ಲೀದ್ರಿ, ಬರೇ ಹಾಡ ಕೇಳ್ಸೀನಿ," ಎಂದು ಅವನು ಚೇಷ್ಟೆ ಮಾಡಿದ.

ಕೃಷಿ ಅಧಿಕಾರಿ ಹೇಳಿದ್ದನ್ನು ಆ ಊರಿನವರು ನಂಬುವುದಿಲ್ಲ, ಚಹಾದ ಜೊತೆ ಬಂದದ್ದನ್ನು ಬಿಡುವುದಿಲ್ಲ. ತಿಂಗಳೊಳಗೆ ಹೊಲಗಳೆಲ್ಲ ಹಾಡತೊಡಗಿದವು. ಬಸ್ ಸ್ಟ್ಯಾಂಡಿನ ಈಚೆಯ ಚಹಾದಂಗಡಿಯಲ್ಲಿ ಕೂಡುವವರು ಕನ್ನಡ ಭಜನೆಗೆ ಕಬ್ಬು ಸಿಹಿಯಾಗುತ್ತದೆ ಎಂದರು. ಆಚೆಯ ಅಂಗಡಿಯವರು ಮರಾಠಿ ಲಾವಣಿಗೆ ದಪ್ಪವಾಗುತ್ತದೆ ಎಂದರು. ಎರಡೂ ಕಡೆಯವರ ಮೊಬೈಲಿನಲ್ಲಿ ಪುರಾವೆಯ ಫೋಟೋ ಇತ್ತು. ಎರಡೂ ಕಡೆ ಅದೇ ಫೋಟೋ, ಲಗಮಣ್ಣನ ಹೊಲದ್ದು.

ಮಾತು ಕಾಲರಿಗೆ ಕೈ ಹಾಕುವ ತನಕ ಬಂದಾಗ ಲಗಮಣ್ಣ ನಡುವೆ ಬಂದು ನಿಂತ. "ನಾ ರೇಡಿಯೋ ಹಚ್ಚಿದ್ದು ಹಂದಿ ಓಡ್ಸಾಕ್ರೆಪಾ! ಕಬ್ಬಿಗೆ ಕಿವಿ ಎಲ್ಲಿ ಅದಾವು?"

ಎರಡೂ ಅಂಗಡಿಗಳು ಅಂದು ಮೊದಲ ಸಲ ಒಂದಾದವು. "ಇವಂಗ ಕಬ್ಬಿಂದು ಏನೂ ಗೊತ್ತಿಲ್ಲ ಬಿಡ್ರಿ," ಎಂದು ಎಲ್ಲರೂ ಒಪ್ಪಿದರು. ಬೆಂಚಿನ ಮೇಲೆ ಅವನಿಗೆ ಯಾರೂ ಜಾಗ ಕೊಡಲಿಲ್ಲ.

ನಾಲ್ಕು ದಿನ ಲಗಮಣ್ಣ ಮನೆಯಲ್ಲಿ ಒಬ್ಬನೇ ಕೂತು ಚಹಾ ಕುಡಿದ. ಐದನೆಯ ದಿನ ರೇಡಿಯೋ ಬಗಲಲ್ಲಿಟ್ಟುಕೊಂಡು ಈಚೆಯ ಅಂಗಡಿಗೆ ಬಂದ.

"ಭಜನಿ ಮುಂಜಾನೆ ಹಚ್ಚಬೇಕೋ, ಸಂಜಿಕೋ?" ಎಂದು ಕೇಳಿದ.

ಎಲ್ಲರೂ ಸರಿದು ಕೂತರು.